ಪಟೇಲರ ಮನೆಯ ಬಳೆ ತಟ್ಟೆ

ಬಂಗಾರಪೇಟೆಯಲ್ಲಿ ಯುದ್ಧಕ್ಕೆ ಸಿಪಾಯಿಗಳನ್ನು ಸೇರಿಸಿಕೊಳ್ಳುವವರು ಡೇರೆ ಹಾಕಿದಾಗಿನಿಂದ ಸೊಣ್ಣಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬೂದಿಕೋಟೆ ಪಕ್ಕದ ತಮ್ಮೂರಿಂದ ಒಬ್ಬನನ್ನಾದರೂ ಕಳಿಸುತ್ತೇನೆಂದು ಪಟೇಲ ದೊಡ್ಡವೆಂಕಟಪ್ಪ ಅಲ್ಲಿ ಮಾತು ಕೊಟ್ಟು ಬಂದಿದ್ದ. ಮಾತು ಪಟೇಲನದು, ಮೈ ಮಾತ್ರ ಬೇರೆಯವರದು.

ಸೊಣ್ಣಪ್ಪ ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿಗೆ ಇಳಿಯುವವನು. ಗುರುವಾರ ಸಂಜೆ ರಜೆಗೆ ಊರಿಗೆ ಬಂದರೆ ಅರಳಿಕಟ್ಟೆ ದಾಟುವುದೇ ಒಂದು ಯುದ್ಧ.

"ಏನ್ಲಾ ಸೊಣ್ಣ, ಗಂಡಸ್ರು ಬರ್ಮಾಗೆ ಓಗ್ತಾವ್ರೆ, ನೀನು ಇಲಿ ಅಂಗೆ ಬಿಲಕ್ಕೆ ಇಳೀತೀಯಲ್ಲೋ!" ಪಟೇಲ ಮೀಸೆ ತೀಡಿದ.

"ಬಿಲದಾಗೂ ಬಂಡೆ ಬಿದ್ದು ಸಾಯ್ತಾರೆ ಸ್ವಾಮಿ. ಆದ್ರೆ ಅಲ್ಲಿ ಸತ್ರೆ ಯಾರೂ ಬ್ಯಾಂಡು ಬಾರ್ಸಾಕಿಲ್ಲ."

ಕಟ್ಟೆ ನಕ್ಕಿತು. ಪಟೇಲ ನಗಲಿಲ್ಲ.

ಶುಕ್ರವಾರ ಬೆಳಿಗ್ಗೆ ತಳವಾರ ಮುನಿಶಾಮಿ ತಟ್ಟೆ ಹಿಡಿದು ಮನೆ ಬಾಗಿಲಿಗೇ ಬಂದ. ಹಿಂದೆ ಪಟೇಲ, ಅವನ ಹಿಂದೆ ಅರ್ಧ ಊರು. ತಟ್ಟೆಯಲ್ಲಿ ಒಂದು ಡಜನ್ ಹಸಿರು ಬಳೆ.

"ತೊಟ್ಕೊಂಡು ಒಲೆ ಮುಂದೆ ಕೂತ್ಕೊಳ್ಲಾ!" ಎಂದ ಪಟೇಲ.

ಸೊಣ್ಣಪ್ಪನ ಕಿವಿ ಕೆಂಡವಾಯಿತು. 'ದಂಡಿಗೆ ಎಸ್ರು ಬರೆಸ್ತೀನಿ, ಅತ್ಲಾಗೆ' ಎಂಬ ಮಾತು ನಾಲಿಗೆ ತುದಿಗೆ ಬಂತು.

ಅಷ್ಟರಲ್ಲಿ ಅವನ ಹೆಂಡತಿ ಪಾಪಕ್ಕ ತಟ್ಟೆ ನೋಡಿದಳು. ಬಳೆ ಪಕ್ಕದಲ್ಲಿ ಅರಿಶಿನ, ಕುಂಕುಮ, ವೀಳ್ಯದೆಲೆ! ಗಂಡ ಬಳೆ ತಟ್ಟೆ ಕೇಳಿದನೆಂದು ಪಟೇಲನ ಹೆಂಡತಿ ಆದಿಲಕ್ಷ್ಮಮ್ಮ ರೂಢಿಯಂತೆ ಎಲ್ಲ ಜೋಡಿಸಿದ್ದಳು. ಇದು ಗಂಡಸಿನ ಕೈಗೆಂದು ಆಕೆಗೆ ಹೇಳಿದವರು ಯಾರು?

ಪಾಪಕ್ಕ ಸೆರಗೊಡ್ಡಿ ತಟ್ಟೆ ತಗೊಂಡಳು. ಕುಂಕುಮ ಇಟ್ಟುಕೊಂಡು, ಎಲ್ಲರೆದುರಿಗೆ ಹನ್ನೆರಡೂ ಬಳೆ ತೊಟ್ಟಳು.

"ಸುಕ್ರವಾರ ಮುತ್ತೈದೆ ಬಾಗ್ಯ ಕಳ್ಸವ್ರೆ ಆದಿಲಕ್ಷ್ಮಮ್ಮ. ಪಟೇಲ್ರೇ, ನಿಮ್ಮನೇವ್ರು ಕೊಟ್ಟ ಬಳೇನ ನೀವೇ ಒಡ್ಸೀರಾ?"

"ಅಯ್ಯೋ, ಬಿಡ್ತು ಅನ್ನೇ!" ಹೆಂಗಸರು ಕೂಗಿದರು. ಪಟೇಲ ಮೀಸೆ ತೀಡುವುದನ್ನೂ ಮರೆತು ಬಂದ ದಾರಿ ಹಿಡಿದ.

ಗೆದ್ದ ಸೊಣ್ಣಪ್ಪ ಜಗುಲಿಯಲ್ಲಿ ಕೂತ, ಎದ್ದ, ಮತ್ತೆ ಕೂತ. ಮಧ್ಯಾಹ್ನ ಇನ್ನೊಂದು ತಟ್ಟೆ, ಈ ಸಲ ಬರೀ ಬಳೆ, ಕುರಿ ಕಾಯುವ ಕದಿರಪ್ಪನ ಗುಡಿಸಲಿಗೆ ಹೋಯಿತು. ಕದಿರಪ್ಪನಿಗೆ ಹೆಂಡತಿಯಿಲ್ಲ, ಅಕ್ಕತಂಗಿಯರಿಲ್ಲ. ಬಾಗಿಲಿಗೆ ಬಂದು ಸೆರಗೊಡ್ಡುವವರು ಯಾರೂ ಇರಲಿಲ್ಲ.

ಮಾರನೆಯ ದಿನ ಗಣಿಗೆ ಹೊರಟ ಸೊಣ್ಣಪ್ಪನಿಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕದಿರಪ್ಪ ಸಿಕ್ಕ. ಕೊರಳಲ್ಲಿ ಚೆಂಡುಹೂವಿನ ಹಾರ. ಪಕ್ಕದಲ್ಲಿ ಪಟೇಲನ ಮೀಸೆ.

"ಅಣ್ಣೋ, ಕುರಿಗೆ ಬೆಳಗಿಂದ ಯಾರೂ ನೀರು ಕುಡ್ಸಿಲ್ಲ" ಎಂದ ಕದಿರಪ್ಪ. ಯುದ್ಧದ ಮಾತೇ ಎತ್ತಲಿಲ್ಲ.

ಗಣಿ ಕಡೆಗೆ ಹೋಗುವ ರೈಲು ಶಿಳ್ಳೆ ಹಾಕಿತು. ಸೊಣ್ಣಪ್ಪ ಹತ್ತಲಿಲ್ಲ. ತಿರುಗಿ ಊರ ದಾರಿ ಹಿಡಿದು, ಕುರಿಗಳ ಕಡೆಗೆ ಬಿರಬಿರನೆ ನಡೆದ.