ಡಾಕ್ಟರ ಕೈ ಮತ್ತು ಹೊಸ ನಿಯಮ

ಕ್ಲಿನಿಕ್ಕಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಕೋಡಕ್ಕ ಎಂದೇ. ಡಾಕ್ಟರು ರೋಗಿಯನ್ನು ನೋಡಿ ಬರೆದ ಟಿಪ್ಪಣಿ ಓದಿ, ಆ ಭೇಟಿ ದೊಡ್ಡದೋ ಚಿಕ್ಕದೋ ಎಂದು ತೂಗಿ, ಅದಕ್ಕೊಂದು ಕೋಡ್ ಹಾಕಿ ಹಣಕ್ಕಾಗಿ ವಿಮೆಯವರಿಗೆ ಕಳಿಸುವುದು ಅವಳ ಕೆಲಸ. ತೂಗುವ ನಿಯಮವನ್ನು ಮೇಲಿನವರು ಆಗಾಗ ಬದಲಿಸುತ್ತಾರೆ. ಯಾಕೆ ಎಂದು ಕೇಳಬಾರದು. ಅವರಿಗೂ ಹೊತ್ತು ಹೋಗಬೇಕಲ್ಲ.

ಹಳೆಯ ನಿಯಮದಲ್ಲಿ ನಾಲಿಗೆ, ಕಣ್ಣು, ಎದೆ, ಹೊಟ್ಟೆ ಎಂದು ಎಷ್ಟು ಅಂಗ ನೋಡಿದ್ದಾಗಿ ಬರೆದರೆ ಭೇಟಿ ಅಷ್ಟು ದೊಡ್ಡದು. ಹೊಸ ನಿಯಮ ಅದನ್ನೆಲ್ಲ ಗುಡಿಸಿ ಹಾಕಿತ್ತು. ಈಗ ಲೆಕ್ಕಕ್ಕೆ ಬರುವುದು ಡಾಕ್ಟರು ಏನು ತೀರ್ಮಾನಿಸಿದರು, ಇಲ್ಲವೇ ಎಷ್ಟು ಹೊತ್ತು ಕೊಟ್ಟರು ಎಂಬುದು. ಪರೀಕ್ಷೆಯನ್ನು ‘ಅಗತ್ಯವಿದ್ದಷ್ಟು’ ಬರೆದರೆ ಸಾಕು. ಅಗತ್ಯವಿದ್ದಷ್ಟು ಎಂದರೆ ಎಷ್ಟು? ಕೋಡಕ್ಕ ಹೊಸ ನಿಯಮದ ಸುತ್ತೋಲೆಯನ್ನು ತಿರುಗಿಸಿ ಮುರುಗಿಸಿ ಓದಿದಳು. ತಲೆಬುಡ ತಿಳಿಯಲಿಲ್ಲ. ತಿಳಿಯದ್ದನ್ನು ಗಟ್ಟಿಯಾಗಿ ಹೇಳಿದರೆ ತಿಳಿದಂತೆ ಕಾಣುತ್ತದೆ ಎಂಬ ಧೈರ್ಯದಲ್ಲಿ ಡಾಕ್ಟರ ಕೋಣೆಗೆ ಹೋದಳು.

“ಸರ್, ಇನ್ಮೇಲೆ ನಾಲಿಗೆ, ಹೊಟ್ಟೆ ಎಲ್ಲ ಬೇಡ. ಅದು ಲೆಕ್ಕಕ್ಕಿಲ್ಲ.”

ತಲೆ ನರೆತ ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು. “ಹೋದ ಸಲ ಎಲ್ಲಾ ಬೇಕು ಅಂದಿದ್ದು ನೀನೇ ಅಲ್ವೇನಮ್ಮಾ?”

“ಆಗ ಬೇಕಿತ್ತು ಸರ್. ಈಗ ಬೇಡ.”

“ಸರಿಯಪ್ಪ, ನೀನು ಹೇಳಿದ ಹಾಗೆ.”

ಅಂದಿನಿಂದ ಟಿಪ್ಪಣಿಗಳು ಎರಡೇ ಸಾಲಿಗೆ ಬಂದವು. ಎಂಥ ಅಚ್ಚುಕಟ್ಟು ಎಂದು ಕೋಡಕ್ಕ ಒಳಗೊಳಗೇ ಬೀಗಿದಳು.

ಹೀಗಿರುವಾಗ ಅವಳ ಅತ್ತೆ ಕ್ಲಿನಿಕ್ಕಿಗೆ ಬಂದರು. ಅತ್ತೆಗೆ ಹೊಟ್ಟೆಯ ತಕರಾರು ಹೊಸದಲ್ಲ. ಊಟಕ್ಕೆ ಕೂತಾಗಲೆಲ್ಲ “ಇಲ್ಲೇನೋ ಭಾರ ಕಣೇ” ಎನ್ನುತ್ತಿದ್ದರು. ಸೊಸೆ ಸುತ್ತೋಲೆಯಿಂದ ತಲೆಯೆತ್ತದೆ ಹೂಂಗುಟ್ಟುತ್ತಿದ್ದಳು. ಬೇರೆ ಡಾಕ್ಟರ ಬಳಿ ಹೋಗಲು ಅತ್ತೆ ಸುತರಾಂ ಒಪ್ಪರು. “ಇವ್ರು ಮುಟ್ಟಿ ನೋಡ್ತಾರೆ” ಎನ್ನುವುದೊಂದೇ ಕಾರಣ.

ಒಳಗೆ ಹೋದಷ್ಟೇ ಬೇಗ ಮುಖ ಊದಿಸಿಕೊಂಡು ಹೊರಗೆ ಬಂದರು.

“ನಿಮ್ಮ ಡಾಕ್ಟ್ರಿಗೆ ನನ್ನ ಕಂಡ್ರೆ ಹೇಸಿಗೆ ಏನೇ? ದೂರದಲ್ಲೇ ಕೂತು ಗ್ಯಾಸ್ ಮಾತ್ರೆ ಬರ್ಕೊಟ್ರು. ಕೈ ಕೂಡ ತಾಗಿಸ್ಲಿಲ್ಲ.”

ಕೋಡಕ್ಕ ಕೈಯಲ್ಲಿದ್ದ ಸುತ್ತೋಲೆ ಕೆಳಗಿಟ್ಟಳು. ಎದ್ದು ಒಳಗೆ ಹೋದಳು.

“ಸರ್, ಅತ್ತೆ ಹೊಟ್ಟೆ ನೋಡ್ಲಿಲ್ವಂತೆ?”

“ಬೇಡ ಅಂದ್ಯಲ್ಲಮ್ಮ.”

“ಬರಿಯೋದು ಬೇಡ ಅಂದೆ ಸರ್! ನೋಡೋದು ಬೇಡ ಅಂದ್ನಾ?”

ಡಾಕ್ಟರು ತಮ್ಮ ಅಂಗೈಯನ್ನೇ ನೋಡಿಕೊಂಡರು. “ಬರಿಯೋಕೆ ಅಂತಲೇ ನೋಡಿ ನೋಡಿ, ಕೈ ಪೆನ್ನಿನ ಹಿಂದೆ ಹೋಗೋದು ಕಲ್ತುಬಿಟ್ಟಿದೆ. ಪೆನ್ನು ನಿಲ್ತು, ಇದೂ ನಿಂತೋಯ್ತು ನೋಡು.”

ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ. ಇವರು ಕೆಟ್ಟವರಲ್ಲ, ತಾನು ಸುಳ್ಳು ಹೇಳಿಲ್ಲ, ಸುತ್ತೋಲೆಯಲ್ಲೂ ಮುಟ್ಟಬೇಡಿ ಎಂದಿರಲಿಲ್ಲ.

ಅತ್ತೆಯನ್ನು ಮತ್ತೆ ಕರೆದರು. ಮಂಚದ ಮೇಲೆ ಮಲಗಿದ ಅತ್ತೆ ಗೆದ್ದವರಂತೆ ಸೊಸೆಯತ್ತ ನೋಡಿದರು. ಡಾಕ್ಟರು ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಹೊಟ್ಟೆಯ ಮೇಲಿಟ್ಟರು. ಕೈ ಎಡಕ್ಕೆ ಸರಿಯಿತು, ಕೆಳಗಿಳಿಯಿತು, ಬಲ ಪಕ್ಕೆಲುಬಿನ ಅಡಿಗೆ ಬಂದು ನಿಂತಿತು. ಏನೋ ಗಟ್ಟಿಯಾದ್ದು ತಾಗಿದಂತೆ ಇನ್ನೊಮ್ಮೆ ಒತ್ತಿತು. ಅಲ್ಲೇ ಉಳಿಯಿತು.

“ಅಲ್ಲೇ ನೋಡಿ, ಅಲ್ಲೇ,” ಎಂದರು ಅತ್ತೆ, ಖುಷಿಯಿಂದ. “ಕೈ ಇಟ್ರೇನೆ ಅರ್ಧ ವಾಸಿಯಾದ ಹಾಗೆ.”

ಡಾಕ್ಟರು ನಗಲಿಲ್ಲ. ಆ ಕೈ ತೆಗೆಯದೆ, ಇನ್ನೊಂದು ಕೈಯಲ್ಲಿ ಪೆನ್ನಿಗೆ ತಡಕಾಡುತ್ತ, ಕೋಡಕ್ಕನ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ಇದನ್ನ ಬರೀಬೇಕಾ, ಬೇಡ್ವಾ?”

ನಿಯಮವೆಲ್ಲ ಬಾಯಿಪಾಠವಿದ್ದವಳು ಪೆನ್ನನ್ನು ಹುಡುಕಿ ಅವರ ಕೈಗಿಟ್ಟಳು. ಅತ್ತೆಯ ಈ ‘ಭಾರ’ದ ಮಾತಿಗೆ ತಾನು ಎಂದಿನಿಂದ ಹೂಂಗುಟ್ಟುತ್ತ ಬಂದೆ ಎಂದು ನೆನಪಿಸಿಕೊಳ್ಳಲು ನೋಡಿದಳು. ಅದೂ ನೆನಪಾಗಲಿಲ್ಲ.