ತೊಳೆದ ಅಂಗಿ

"ತೊಳೆಯೋಕೆ ನಿನಗ್ಯಾರೇ ಹೇಳಿದ್ದು, ಮುಂಡೆ?"

ಠಾಣೆಯ ಸಾಹೇಬ ಪ್ಲಾಸ್ಟಿಕ್ ಚೀಲದಿಂದ ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದ. ಹಿಂಡದೆ ಚೀಲಕ್ಕೆ ತುರುಕಿದ್ದು ಇನ್ನೂ ಆರಿರಲಿಲ್ಲ, ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು. ಸೋಪಿನ ವಾಸನೆ ಹೊಡೆಯುತ್ತಿತ್ತು, ಒಂದು ಕಲೆಯೂ ಉಳಿದಿರಲಿಲ್ಲ.

ಸೋಪಮ್ಮ ತಲೆ ತಗ್ಗಿಸಿ ನಿಂತಿದ್ದಳು. ಅದು ಆಶ್ರಯ ಮನೆಯ ಹೆಂಗಸರು ಇಟ್ಟ ಹೆಸರು. ಒಂಬತ್ತು ವರ್ಷದ ಹಿಂದೆ ಅವಳೂ ಒಡೆದ ತುಟಿ ಹೊತ್ತು ಅಲ್ಲಿಗೆ ಬಂದವಳೇ. ಯಾರೋ ಪುಣ್ಯಾತ್ಗಿತ್ತಿ ಹೆಸರು ಕೂಡ ಕೇಳದೆ ಅವಳ ಬಟ್ಟೆ ಒಗೆದು ಹರವಿದ್ದಳು. ಅಂದಿನಿಂದ ಸೋಪಮ್ಮನದೂ ಅದೇ ಪದ್ಧತಿ: ಯಾರೇ ಬರಲಿ, ಮೊದಲು ಸ್ನಾನಕ್ಕೆ ನೀರು, ಆಮೇಲೆ ಬಟ್ಟೆ, ಮಾತು ಕೊನೆಗೆ. ಡಾಕ್ಟರು, ಪೊಲೀಸರು ನೋಡುವ ತನಕ ಬಟ್ಟೆ ಮುಟ್ಟಬೇಡ ಎಂದು ಮೇಲ್ವಿಚಾರಕಿ ಹತ್ತು ಸಲ ಹೇಳಿದ್ದಳು. ಆದರೆ ನಿನ್ನೆ ಈ ಅಂಗಿ ತೊಟ್ಟು ಬಂದ ಹುಡುಗಿ ಮೂಲೆಯಲ್ಲಿ ಮುದುಡಿ ತನ್ನ ಮೈಯನ್ನೇ ಮೂಸಿಕೊಂಡು ನಡುಗುತ್ತಿದ್ದಾಗ ಕೈ ಕೇಳಲಿಲ್ಲ.

ಹುಡುಗಿ ಗೋಡೆಗೆ ಬೆನ್ನು ತಾಗಿಸದೆ ಬೆಂಚಿನ ತುದಿಯಲ್ಲಿ ಕೂತಿದ್ದಳು. ಎದುರಿಗೆ ಅವಳ ಗಂಡ, ಇಸ್ತ್ರಿ ಮಾಡಿದ ಷರಟಿನಲ್ಲಿ, ಠಾಣೆಯವರೇ ತರಿಸಿಕೊಟ್ಟ ಚಹಾ ಕುಡಿಯುತ್ತಿದ್ದ. ಮೆಟ್ಟಿಲಿಂದ ಜಾರಿ ಬಿದ್ದಳು, ಕೋಪ ಮಾಡಿಕೊಂಡು ಹೊರಟು ಬಂದಳು, ಕರೆದುಕೊಂಡು ಹೋಗುತ್ತೇನೆ ಎಂದು ಆಗಲೇ ಹೇಳಿ ಮುಗಿಸಿದ್ದ. ಗಾಯ ನೋಡಿ ಡಾಕ್ಟರು ಬರೆದುಕೊಟ್ಟ ಚೀಟಿ ಸಾಹೇಬನಿಗೆ ಸಾಲದು, ಬಿದ್ದರೂ ಗಾಯವಾಗುತ್ತದಂತೆ. ದೂರಿನ ನಂಬರಿಲ್ಲದೆ ಆಶ್ರಯ ಮನೆಯವರು ಎರಡನೆಯ ದಿನ ಇಟ್ಟುಕೊಳ್ಳುವಂತಿಲ್ಲ. ಚಹಾ ಮುಗಿದರೆ ಹುಡುಗಿ ಅವನ ಹಿಂದೆ ಹೊರಡಬೇಕು.

"ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ. ಎದ್ದೇಳಮ್ಮ," ಎಂದ ಸಾಹೇಬ. ಅಂಗಿಯನ್ನು ಸೋಪಮ್ಮನ ಕಾಲ ಬುಡಕ್ಕೆ ಎಸೆದ. "ಸಾಕ್ಷಿ ಅಳಿಸೋದು ಎಷ್ಟು ದೊಡ್ಡ ಅಪರಾಧ ಗೊತ್ತೇನೇ? ನಿನ್ನನ್ನೇ ಎತ್ತಿ ಒಳಗೆ ಹಾಕ್ಬೋದು."

ಮೂಲೆಯ ಪೇದೆ ಕಿಸಕ್ಕನೆ ನಕ್ಕ.

ಸೋಪಮ್ಮ ಬೆಳಗಿನಿಂದ ನಿಂತೇ ಇದ್ದಳು. ಬಗ್ಗಿ ಅಂಗಿಯನ್ನು ಎತ್ತಿಕೊಂಡಳು. ಯಾರೂ ಕೂರು ಎನ್ನದಿದ್ದರೂ ಸಾಹೇಬನ ಎದುರಿನ ಕುರ್ಚಿ ಎಳೆದು ಕೂತಳು.

"ಹಾಕಿ ಸಾರ್," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. "ಬರ್ಕೊಳ್ಳಿ. ಸಾಕ್ಷಿ ಅಳಿಸಿದ್ದು ನಾನೇ."

"ಏನೇ ಬೊಗಳ್ತಿದೀಯ?"

"ಏನು ಅಳಿಸಿದೆ ಅಂತಾನೂ ಬರೀಬೇಕಲ್ಲ, ಹೇಳ್ತೀನಿ. ರಕ್ತ. ಬೆನ್ನಿನ ಭಾಗದಲ್ಲಿ. ಅಂಗಿ ಚರ್ಮಕ್ಕೆ ಕಚ್ಕೊಂಡಿತ್ತು, ನೀರು ಹಾಕಿ ಹಾಕಿ ಬಿಡಿಸ್ದೆ. ತಣ್ಣೀರು, ಬಿಸಿನೀರಿಗೆ ರಕ್ತ ಹೋಗಲ್ಲ. ಮೂರು ಬಕೆಟ್ ಕೆಂಪಾಯ್ತು. ಬೆಲ್ಟಿನ ಕೊಕ್ಕೆ ಬಿದ್ದ ಕಡೆ ಬಟ್ಟೆ ಹರಿದಿದೆ, ಅದು ಮಾತ್ರ ತೊಳೆದ್ರೂ ಹೋಗ್ಲಿಲ್ಲ. ಐದು ಕಡೆ. ಬರ್ಕೊಂಡು ನನ್ನ ಒಳಗೆ ಹಾಕಿ. ಬರೀದೆ ಹೆಂಗೆ ಹಾಕ್ತೀರಿ?"

ಪೇದೆಯ ನಗು ನಿಂತಿತು. ಅವನು ಸಾಹೇಬನ ಮುಖ ನೋಡಿದ. ಸಾಹೇಬ ಮೇಜಿನ ಮೇಲಿನ ಹಾಳೆ ನೋಡಿದ. ಗಂಡ ಲೋಟ ಕೆಳಗಿಟ್ಟು, ಹೊರಡೋಣ ಬಾ ಎಂದು ಎದ್ದ.

ಹುಡುಗಿ ಏಳಲಿಲ್ಲ. ಬೆಳಗಿನಿಂದ ತೆರೆಯದ ಬಾಯಿ, ಒಣಗಿ ಅಂಟಿದ್ದ ತುಟಿ ಬಿಡಿಸಿಕೊಂಡು ತೆರೆಯಿತು.

"ಐದಲ್ಲ ದೊಡ್ಡಮ್ಮ," ಎಂದಳು. "ಏಳು."