ಥ್ಯಾಂಕ್ಸಣ್ಣನ ಹೆಂಡತಿ

"ಆ ಹೆಂಗಸನ್ನ ಯಾರಾದ್ರೂ ಸ್ವಲ್ಪ ಸುಮ್ಮನಾಗಿಸಿ," ಎಂದಳು ಹೆಂಡತಿ, ಗಂಡನ ಅಂಗಿಯ ಕೊನೆಯ ಗುಂಡಿ ಹಾಕುತ್ತ. ಸತ್ತವನ ಕಾಲರು ಸರಿಮಾಡುವಾಗ ಅವಳ ಕಣ್ಣಲ್ಲಿ ನೀರಿರಲಿಲ್ಲ. ಕಿವಿಯೆಲ್ಲ ಬಾಗಿಲ ಕಡೆಗಿತ್ತು.

ಬಾಗಿಲ ಬಳಿ ಗೋಡೆಗೊರಗಿ ಬಿಕ್ಕುತ್ತಿದ್ದವಳು ಯಾರೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾದಿನಿ ಹೋಗಿ ವಿಚಾರಿಸಿಕೊಂಡು ಬಂದಳು.

"ಅಣ್ಣನ ಫ್ಯಾಕ್ಟರಿ ಕ್ಯಾಂಟೀನಲ್ಲಿ ಅಡುಗೆ ಮಾಡೋಳಂತೆ ಅತ್ತಿಗೆ."

"ಅಡುಗೆಯವಳಿಗೆ ಇಷ್ಟೊಂದು ಕಣ್ಣೀರು ಎಲ್ಲಿಂದ ಬಂತು?"

ನಾದಿನಿ ಅಣ್ಣನ ಕೂದಲು ಬಾಚತೊಡಗಿದಳು.

ಸತ್ತವನು ಬಾಟಲಿ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದ. ಓಡುವ ಯಂತ್ರದ ಪಟ್ಟಿಯ ಮೇಲೆ ಸಾಲಾಗಿ ಬರುವ ಬಾಟಲಿಗಳಲ್ಲಿ ಬಿರುಕು ಬಿಟ್ಟದ್ದನ್ನು ಎತ್ತಿ ಪಕ್ಕಕ್ಕಿಡಬೇಕು. ದಿನವಿಡೀ ಕೊರತೆ ಹುಡುಕಿದ ಕಣ್ಣು ಗೇಟು ದಾಟಿದ್ದೇ ಬೇರೆಯಾಗುತ್ತಿತ್ತು. ಎದುರಿಗೆ ಸಿಕ್ಕವರಲ್ಲೆಲ್ಲ ಸರಿಯಾದದ್ದೇನಿದೆ ಎಂದು ಹುಡುಕುತ್ತಿತ್ತು. ಕಂಡದ್ದನ್ನು ಬಾಯಿ ಹೇಳದೆ ಬಿಡುತ್ತಿರಲಿಲ್ಲ. ಬೀದಿಯವರು ಅವನಿಗೆ ಥ್ಯಾಂಕ್ಸಣ್ಣ ಎಂದು ಹೆಸರಿಟ್ಟದ್ದು ಗೇಲಿಗೆ. ಬರಬರುತ್ತ ಗೇಲಿ ಸವೆದು ಹೆಸರು ಉಳಿಯಿತು.

"ನನ್ನ ಬಸ್ಸಿಂದ ಇಳಿಯುವಾಗ ಹೇಳೋರು," ಎಂದ ಬಸ್ ಡ್ರೈವರು, ಅಂಗಳದಲ್ಲಿ ಕುರ್ಚಿ ಜೋಡಿಸುತ್ತ. "'ಆ ತಿರುವಲ್ಲಿ ನಿಧಾನ ಮಾಡಿದ್ರಿ, ನಿಂತಿದ್ದ ಮುದುಕಮ್ಮ ಬೀಳ್ಲಿಲ್ಲ, ಥ್ಯಾಂಕ್ಸ್' ಅಂತ. ನಾನು ನಿಧಾನ ಮಾಡಿದ್ದು ಮುದುಕಮ್ಮನಿಗಲ್ಲ, ನಾಯಿ ಅಡ್ಡ ಬಂದಿತ್ತು! ಆದ್ರೆ ಅವತ್ತಿಂದ ಆ ತಿರುವು ಬಂದ್ರೆ ಕಾಲು ತಾನಾಗೇ ಬ್ರೇಕಿನ ಮೇಲೆ ಹೋಗುತ್ತೆ, ನೋಡಿ."

ಸುತ್ತ ನಿಂತವರು ಮೆಲ್ಲಗೆ ನಕ್ಕರು. ಒಳಗೆ ಕೂತ ಹೆಂಡತಿಗೆ ಆ ನಗು ಕಾದ ಎಣ್ಣೆಯಂತೆ ಸಿಡಿಯಿತು. ಊರೆಲ್ಲ ಸೇರಿ ನನ್ನ ಗಂಡನನ್ನು ಹಂಚಿಕೊಂಡಿದೆ. ನನ್ನ ಪಾಲಿಗೆ ಉಳಿದದ್ದೇನು?

*

ಮದುವೆಯಾದ ಹೊಸತು. ಉಂಡು ಕೈತೊಳೆದು ಬಂದ ಗಂಡ, "ಬೆಳ್ಳುಳ್ಳಿ ಹದವಾಗಿ ಹುರಿದಿದ್ದೀಯ. ಥ್ಯಾಂಕ್ಸ್," ಎಂದಿದ್ದ.

ಅವಳ ಮುಖ ಕೆಂಪೇರಿತ್ತು. ಅದನ್ನು ಮುಚ್ಚಿಕೊಳ್ಳಲು ಸಿಡುಕಿದ್ದಳು. "ಹೋಟ್ಲಲ್ಲಿ ಉಂಡೋರ ಹಾಗೆ ಥ್ಯಾಂಕ್ಸ್ ಹೇಳ್ತೀರಲ್ಲ! ನಾನೇನು ಹೊರಗಿನವಳಾ? ಇನ್ನೊಂದು ಸಲ ಹೇಳಿ, ಆಮೇಲಿದೆ ನಿಮಗೆ."

"ಸರಿ ಮಾರಾಯ್ತಿ, ಹೇಳಲ್ಲ."

ಮಾತಿಗೆ ತಪ್ಪುವವನಲ್ಲ. ಹೇಳಲಿಲ್ಲ. ಎಷ್ಟೋ ಸಲ ಊಟದ ಕೊನೆಗೆ ಅವನ ತುಟಿ ಬಿಚ್ಚಿಕೊಳ್ಳುತ್ತಿತ್ತು. ಲೋಟ ಎತ್ತಿ ನೀರು ಕುಡಿದು ಎದ್ದುಬಿಡುತ್ತಿದ್ದ. ಊರಿಗೆಲ್ಲ ಹೇಳುವವನು ತನಗೊಬ್ಬಳಿಗೆ ಹೇಳಬೇಕಾಗಿಲ್ಲ ಎಂದು ಮೊದಮೊದಲು ಅವಳಿಗೆ ಹೆಮ್ಮೆಯೇ ಇತ್ತು. ಆ ಹೆಮ್ಮೆ ಯಾವಾಗ ಹುಳಿಯಿತೋ. ಒಮ್ಮೆ ತರಕಾರಿ ಅಂಗಡಿಯವಳಿಗೆ ಅವನು, "ಸೊಪ್ಪಿಗೆ ಒದ್ದೆ ಬಟ್ಟೆ ಸುತ್ತಿಟ್ಟಿದ್ರಿ, ಒಂದೆಲೆಯೂ ಬಾಡಿಲ್ಲ," ಎಂದಾಗ ಅವನ ಕೈಯಿಂದ ಚೀಲ ಕಿತ್ತುಕೊಂಡು ಮುಂದೆ ನಡೆದಿದ್ದಳು. ತಾನೇ ಹೊಲಿದ ಬಾಯಿಯ ಹೊಲಿಗೆ ಬಿಚ್ಚಲು ಮಾತ್ರ ಅವಳಿಗೆ ಮನಸ್ಸು ಬರಲಿಲ್ಲ. ಕೇಳಿ ಪಡೆದ ಹೊಗಳಿಕೆ ಭಿಕ್ಷೆಯಲ್ಲದೆ ಮತ್ತೇನು?

*

ಮಣ್ಣು ಮುಗಿಸಿ ಮರಳುವಾಗ ಹೊತ್ತು ಇಳಿದಿತ್ತು. ಅಡುಗೆಮನೆಯಲ್ಲಿ ಸೌಟಿನ ಸದ್ದು. ಆ ಹೆಂಗಸೇ.

"ನನ್ನ ಒಲೆ ಮುಟ್ಟು ಅಂತ ನಿಂಗೆ ಯಾರು ಹೇಳಿದ್ದು?"

"ನಾನೇ ಅತ್ತಿಗೆ," ಎಂದಳು ಹಿಂದೆಯೇ ಬಂದ ನಾದಿನಿ. "ನಿನ್ನೆಯಿಂದ ಹೊಟ್ಟೆಗೇನೂ ಇಲ್ಲ ನಿಮಗೆ." ಮುಂದೆ ಮಾತು ಬೆಳೆಯುವ ಮೊದಲೇ ಅವಳು ಹೊರಟುಹೋದಳು.

ಹೆಂಡತಿ ಬಾಗಿಲು ಹಾಕಿದಳು. "ನಿಜ ಹೇಳು. ನಿಂಗೂ ಅವರಿಗೂ ನಡುವೆ ಏನಿತ್ತು?"

ಅಡುಗೆಯವಳು ಬೆಚ್ಚಿದಳು. ಆಮೇಲೆ ಅರ್ಥವಾಯಿತು. "ಕಿಟಕಿ ಇತ್ತಮ್ಮ," ಎಂದಳು ಮೆಲ್ಲಗೆ. "ಎಂಜಲು ತಟ್ಟೆ ಒಳಗೆ ಕೊಡೋ ಕಿಟಕಿ. ನಾನು ಸೇರಿದ ಹೊಸದರಲ್ಲಿ ನನ್ನ ಅಡುಗೆ ಯಾರ ಬಾಯಿಗೂ ಹಿಡೀತಿರಲಿಲ್ಲ. ತಟ್ಟೆ ಕುಕ್ಕಿ ಬೈದು ಹೋಗೋರು. ಸಾಕಪ್ಪ ಅಂತ ಒಂದಿನ ಏಪ್ರನ್ ಬಿಚ್ಚಿದ್ದೆ. ಇವರು ಕಿಟಕೀಲಿ ತಲೆ ಹಾಕಿ, 'ಅನ್ನ ಬಿಸಿಯಾಗಿತ್ತು, ಥ್ಯಾಂಕ್ಸ್' ಅಂದ್ರು. ಸುಳ್ಳಲ್ಲ. ಅವತ್ತು ಸರಿಯಾಗಿದ್ದದ್ದು ಬಿಸಿ ಒಂದೇ. ಮಾರನೇ ದಿನ ಬಟಾಣೀನ ಮೈಮೇಲೆ ಎಚ್ಚರ ಇಟ್ಕೊಂಡು ಬೇಯಿಸಿದೆ, ಅದನ್ನೂ ಹೇಳ್ಲಿ ಅಂತ. ಹೇಳಿದ್ರು. ಹಾಗೇ ಒಂದೊಂದಾಗಿ ಅಡುಗೆ ಕಲಿತೆ. ನನ್ನ ಮಕ್ಕಳು ಬೆಳೆದದ್ದು ಆ ಕೆಲಸದಿಂದ."

"ದಿನಾ ಹೇಳೋರಾ?"

"ದಿನಾ."

ಹೆಂಡತಿ ಒಂದು ಹೆಜ್ಜೆ ಮುಂದೆ ಬಂದಳು. "ನನ್ನ ಅಡುಗೆ ಬಗ್ಗೆ?"

"ಒಂದ್ಸಲ ನಾನೇ ಕೇಳ್ದೆ, ಮನೇಲಿ ಅಮ್ಮನ ಅಡುಗೆ ಹೇಗಣ್ಣಾ ಅಂತ. 'ಅದನ್ನ ಹೇಳೋಕೆ ನಂಗೆ ಅಪ್ಪಣೆ ಇಲ್ಲ' ಅಂತ ನಕ್ಕರು. ನಕ್ಕರೇನೋ ಸರಿ, ಆಮೇಲೆ ಸೈರನ್ ಕೂಗಿದ್ರೂ ಕಿಟಕಿ ಬಿಟ್ಟು ಕದಲಲೇ ಇಲ್ಲ."

ಹೆಂಡತಿ ಕುಕ್ಕರಿಸಿದಳು. ಅಡುಗೆಯವಳು ತಟ್ಟೆ ತಂದು ಮುಂದಿಟ್ಟು ದೂರ ನಿಂತಳು.

ಮೊದಲ ತುತ್ತಿಗೇ ಗೊತ್ತಾಯಿತು, ಉಪ್ಪು ಕೈಮೀರಿದೆ. ಬೆಳಗಿನಿಂದ ಹಲ್ಲಿನ ಹಿಂದೆ ಕಾದಿದ್ದ ಮಾತುಗಳಿಗೆಲ್ಲ ಈಗ ನೆಪ ಸಿಕ್ಕಿತು. ಅವಳು ತಲೆಯೆತ್ತಿದಳು. ಸೌಟು ಹಿಡಿದವಳು ಅವಳ ಬಾಯನ್ನೇ ನೋಡುತ್ತಿದ್ದಳು.

ಹೆಂಡತಿ ಮತ್ತೆ ತಟ್ಟೆ ನೋಡಿದಳು. ಹುಡುಕಿದಳು. ಸುಲಭಕ್ಕೆ ಏನೂ ಸಿಗಲಿಲ್ಲ.

"ಕ್ಯಾರೆಟ್ಟು," ಎಂದಳು ಕೊನೆಗೆ, ಒರಟಾಗಿಯೇ. "ಎಲ್ಲಾ ಒಂದೇ ಸಮ ಹೆಚ್ಚಿದ್ದೀಯ. ಒಂದು ಹೋಳೂ ಹಸಿ ಉಳಿದಿಲ್ಲ."

ಅತ್ತು ಬಾತಿದ್ದ ಆ ಮುಖ ಅರಳಿತು. ಹೆಂಡತಿ ನೋಡಲಾರದೆ ನೋಡಿದಳು. ಈ ಮುಖವನ್ನು ಅವನು ಮಧ್ಯಾಹ್ನ ಮಧ್ಯಾಹ್ನವೂ ನೋಡಿದ್ದ. ತನ್ನದನ್ನು ಒಂದೇ ಒಂದು ಸಲ. ಹೊಟ್ಟೆಕಿಚ್ಚು ಮತ್ತೆ ಭಗ್ಗೆಂದಿತು.

ಅವಳು ತಟ್ಟೆಯನ್ನು ಮುಂದಕ್ಕೆ ಸರಿಸಿದಳು. "ಇನ್ನೊಂದು ಸೌಟು ಹಾಕು."

ಅಡುಗೆಯವಳು ಬಗ್ಗಿದಳು. ಸೌಟು ತಟ್ಟೆಯ ಅಂಚಿಗೆ ಕಟಕಟ ಬಡಿಯಿತು, ಎರಡು ಹೋಳು ನೆಲಕ್ಕೆ ಬಿದ್ದವು. ಹೆಂಡತಿ ಎಡಗೈ ಚಾಚಿ ಆ ಮುಂಗೈಯನ್ನು ಬಿಗಿಯಾಗಿ, ನೋಯುವಷ್ಟು ಬಿಗಿಯಾಗಿ ಹಿಡಿದು, ಸೌಟನ್ನು ತಟ್ಟೆಯ ನಡುವಿಗೆ ತಂದಳು.